ತಿಗರಿ ಹಂಚಿದರೆ ಕುಂಬಾರಿಕೆ ಬಂದೀತೆ?

‘ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ’ ಎಂಬ ಗಾದೆಯನ್ನು ನಾವು ಸಾಮಾನ್ಯವಾಗಿ ಒಡೆಯುವವರನ್ನು ಬೈಯಲು ಬಳಸುತ್ತೇವೆ. ಅದರ ಮೊದಲರ್ಧದ ಕಡೆಗೆ, ಅಂದರೆ ಕುಂಬಾರನಿಗೆ ಬೇಕಾಗುವ ಆ ವರುಷದ ಕಡೆಗೆ, ಗಮನ ಹರಿಯುವುದು ಕಡಿಮೆ. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಕೇಂದ್ರ ಸರ್ಕಾರದ ಪಿ.ಎಂ. ವಿಶ್ವಕರ್ಮ ಯೋಜನೆಯಲ್ಲಿ ಕಲಿಕೆಯ ಅವಧಿಗೊಂದು ಲೆಕ್ಕವಿದೆ. ಮೂಲ ತರಬೇತಿ 5ರಿಂದ 7 ದಿನ. ಮುಂದುವರಿದ ತರಬೇತಿ 15 ದಿನ ಅಥವಾ ಅದಕ್ಕಿಂತ ತುಸು ಹೆಚ್ಚು. ತರಬೇತಿಯ ಅವಧಿಯಲ್ಲಿ ದಿನಕ್ಕೆ 500 ರೂಪಾಯಿ ಭತ್ಯೆ, ಉಪಕರಣಗಳಿಗೆ 15,000 ರೂಪಾಯಿ, ಶೇ 5ರ ಬಡ್ಡಿಯಲ್ಲಿ ಮೊದಲ ಕಂತಿಗೆ 1 ಲಕ್ಷ, ಎರಡನೆಯ ಕಂತಿಗೆ 2 ಲಕ್ಷ ರೂಪಾಯಿ ಸಾಲ. ಹದಿನೆಂಟು ಕಸುಬುಗಳ ಪಟ್ಟಿಯಲ್ಲಿ ಕುಂಬಾರಿಕೆಯೂ ಸೇರಿದೆ.

ಈ ಯೋಜನೆಯನ್ನು ಹೀಗಳೆಯುವುದು ನನ್ನ ಉದ್ದೇಶವಲ್ಲ. ಬ್ಯಾಂಕಿನ ಬಾಗಿಲಲ್ಲಿ ನಿಲ್ಲಲೂ ಹಿಂಜರಿಯುತ್ತಿದ್ದವರಿಗೆ ಶೇ 5ರ ಸಾಲ ಸಣ್ಣ ಮಾತಲ್ಲ. ಐದು ದಿನದಲ್ಲಿ ಕುಂಬಾರನನ್ನು ತಯಾರು ಮಾಡುತ್ತೇವೆಂದು ಸರ್ಕಾರ ಹೇಳಿಯೂ ಇಲ್ಲ. ಆಗಲೇ ಕಸುಬು ಬಲ್ಲವರ ಕೌಶಲವನ್ನು ತಿದ್ದಿ ತೀಡುವುದಷ್ಟೇ ಆ ತರಬೇತಿಯ ಗುರಿ. ನನ್ನ ತಕರಾರು ಇರುವುದು ಅದರ ಹಿಂದಿನ ನಂಬಿಕೆಯ ಬಗ್ಗೆ. ಕುಂಬಾರಿಕೆಯನ್ನು ಕುಂಬಾರರ ಮಕ್ಕಳು ಮನೆಯಲ್ಲೇ ಕಲಿತಿರುತ್ತಾರೆ, ಸರ್ಕಾರ ಅದಕ್ಕೆ ಹೊಳಪು ಕೊಟ್ಟರೆ ಸಾಕು ಎಂಬುದು ಆ ನಂಬಿಕೆ. ನಾನು ಬಲ್ಲ ಮಳವಳ್ಳಿ ಸೀಮೆಯಲ್ಲಿ ಆ ಮನೆಗಳ ಪಾಠ ಮುಗಿದು ಬಹಳ ಕಾಲವಾಯಿತು.

ಸರ್ಕಾರಿ ಪ್ರೌಢಶಾಲೆಯಿಂದ ನಿವೃತ್ತನಾದ ಮೇಲೆ ತಾಲ್ಲೂಕಿನ ಒಂದು ಊರಿನಲ್ಲಿ ಹಿರಿಯ ಕುಂಬಾರ ದಂಪತಿಯ ಬಳಿ ಎರಡು ಬೇಸಿಗೆ ಮಣ್ಣಿನ ಕೆಲಸ ಕಲಿತವನು ನಾನು. ಬೇಸಿಗೆಯೇ ಏಕೆಂದರೆ, ಮಳೆಗಾಲದಲ್ಲಿ ಹಸಿ ಮಡಕೆ ಒಣಗುವುದೂ ಇಲ್ಲ, ಆವಿಗೆ ಹಾಕಲೂ ಆಗುವುದಿಲ್ಲ. ಆ ಬೀದಿಯಲ್ಲಿ ಹಿಂದೆ ಮನೆಗೊಂದು ತಿಗರಿ ಇತ್ತಂತೆ. ಈಗ ತಿರುಗುವುದು ಒಂದೇ. ಮಕ್ಕಳಲ್ಲಿ ಒಬ್ಬರು ಬೆಂಗಳೂರಿನಲ್ಲಿ ಕಾರು ಓಡಿಸುತ್ತಾರೆ, ಇನ್ನೊಬ್ಬರು ಗಾರ್ಮೆಂಟ್ಸ್‌ನಲ್ಲಿದ್ದಾರೆ. ಇದಕ್ಕೆ ಅವರನ್ನು ದೂರುವಂತಿಲ್ಲ. ಮೊದಲು ಅಲ್ಯೂಮಿನಿಯಂ, ಆಮೇಲೆ ಸ್ಟೀಲು, ಕೊನೆಗೆ ಪ್ಲಾಸ್ಟಿಕ್ಕು ಬಂದು ಅಡುಗೆಮನೆಯಿಂದ ಮಡಕೆಯನ್ನು ಹೊರಹಾಕಿದವು. ರಾಗಿ ತುಂಬುತ್ತಿದ್ದ ವಾಡೆಗಳ ಜಾಗಕ್ಕೆ ಚೀಲಗಳು ಬಂದವು. ಉಳಿದದ್ದು ಮದುವೆಯ ಮಡಕೆ, ಸಾವಿನ ಮಡಕೆ, ದೀಪಾವಳಿಯ ಹಣತೆ, ಗೌರಿ-ಗಣೇಶ, ಬೇಸಿಗೆಯ ಮೂರು ತಿಂಗಳು ತಣ್ಣೀರಿನ ಹೂಜಿ. ಇಷ್ಟರಲ್ಲಿ ವರ್ಷ ಕಳೆಯಬೇಕು. ಮೈಯೆಲ್ಲ ಕೆಸರಾಗುವ, ಬೆನ್ನು ಬಾಗುವ, ಊರವರಿಂದ ಅಂಥ ಮರ್ಯಾದೆಯೂ ಸಿಗದ ಈ ದುಡಿಮೆಯನ್ನು ಯಾವ ಯುವಕ ಬಯಸಿಯಾನು?

ಹಾಗಿದ್ದೂ ನಾನು ಈ ವಿಷಯವನ್ನು ಎತ್ತುತ್ತಿರುವುದಕ್ಕೆ ಕಾರಣ, ಆ ಎರಡು ಬೇಸಿಗೆಗಳಲ್ಲಿ ಕಂಡ ಕಲಿಕೆಯ ಕ್ರಮ. ಮೂವತ್ತು ವರ್ಷ ಪಾಠ ಹೇಳಿದವನಿಗೆ ಅಷ್ಟು ಅಚ್ಚುಕಟ್ಟಾದ ಪಠ್ಯಕ್ರಮ ಬೇರೆಲ್ಲೂ ಕಂಡಿರಲಿಲ್ಲ. ಅದು ಎಲ್ಲಿಯೂ ಬರೆದಿಟ್ಟದ್ದಲ್ಲ.

ನಾನು ತಿಗರಿಯ ಮುಂದೆ ಕೂರುವ ಆಸೆಯಿಂದಲೇ ಹೋದವನು. ಎಲ್ಲರೂ ಹಾಗೆಯೇ ಹೋಗುತ್ತಾರೆ. ಹಿರಿಯರು ನಕ್ಕು, “ಅದು ಎಲ್ಲೂ ಓಡೋಗಲ್ಲ ಬುಡಿ ಮೇಷ್ಟ್ರೇ, ಮೊದ್ಲು ಮಣ್ಣು ನೋಡಿ” ಎಂದರು. ಮಣ್ಣು ನೋಡುವುದರಲ್ಲೇ ಮೊದಲ ತಿಂಗಳು ಕಳೆಯಿತು. ಕೆರೆಯ ಗೋಡನ್ನು ತಂದು, ಒಣಗಿಸಿ, ಕುಟ್ಟಿ, ಜರಡಿ ಹಿಡಿದು, ಗುಂಡಿಯಲ್ಲಿ ನೆನೆಹಾಕಬೇಕು. ಜಿಗುಟು ಹೆಚ್ಚಾದ ಮಣ್ಣು ಒಣಗುವಾಗ ಹೆಚ್ಚು ಕುಗ್ಗಿ ಬಿರುಕು ಬಿಡುತ್ತದೆ. ಅದಕ್ಕೆ ನಯವಾದ ಮರಳೋ ಬೂದಿಯೋ ಸೇರಬೇಕು. ಮರಳು ಹೆಚ್ಚಾದರೆ ಮಣ್ಣು ಕೈಗೆ ಬಾಗುವುದಿಲ್ಲ. ಎಷ್ಟು ಸೇರಿಸಬೇಕು ಎಂಬುದಕ್ಕೆ ಸೇರು ಪಾವಿನ ಲೆಕ್ಕವಿಲ್ಲ. ಬೆರಳಿನಷ್ಟು ದಪ್ಪದ ಹುರಿ ಹೊಸೆದು ಬೆರಳಿಗೆ ಸುತ್ತಿ ನೋಡುವುದು. ಸೀಳದೆ ಸುತ್ತಿಕೊಂಡರೆ ಸರಿ, ಸೀಳಿದರೆ ಇನ್ನಷ್ಟು ಜೇಡಿ ಬೇಕು. ಇದಲ್ಲದೆ ಸುಣ್ಣಕಲ್ಲಿನ ಹರಳು ಆರಿಸುವ ಕೆಲಸ ಬೇರೆ. ಕಡಲೆ ಗಾತ್ರದ ಒಂದು ಹರಳು ಒಳಗುಳಿದರೂ ಆವಿಗೆಯಲ್ಲಿ ಬೆಂದು ಸುಟ್ಟ ಸುಣ್ಣವಾಗುತ್ತದೆ, ಆಮೇಲೆ ಗಾಳಿಯ ತೇವ ಹೀರಿ ಉಬ್ಬಿ, ಚೆನ್ನಾಗಿ ಬೆಂದ ಮಡಕೆಯ ಮೈಯಿಂದಲೇ ಒಂದು ಚಕ್ಕೆಯನ್ನು ಎಬ್ಬಿಸಿಬಿಡುತ್ತದೆ. ರಸಾಯನಶಾಸ್ತ್ರದ ಪುಸ್ತಕದಲ್ಲಿ ಸುಟ್ಟ ಸುಣ್ಣ, ಅರಳಿದ ಸುಣ್ಣ ಎಂದು ಪಾಠ ಮಾಡುತ್ತಿದ್ದ ನನಗೆ ಅದು ಮಡಕೆ ಒಡೆಯುವ ಸಂಗತಿಯೆಂದು ತಿಳಿದದ್ದು ಆ ಅಂಗಳದಲ್ಲಿ.

ನಂತರ ತುಳಿತ. ಡಾ. ರಾಜ್‌ಕುಮಾರ್ ಅಭಿನಯದ ‘ಭಕ್ತ ಕುಂಬಾರ’ (1974) ನೋಡಿದವರಿಗೆ, ಮೈಮರೆತು ಮಣ್ಣು ತುಳಿಯುವ ಗೋರನ ಚಿತ್ರ ಮರೆಯುವಂಥದ್ದಲ್ಲ. ಹಾಲಿವುಡ್ಡಿನವರು 1990ರಲ್ಲಿ ‘ಗೋಸ್ಟ್’ ಚಿತ್ರ ತೆಗೆದು ಕುಂಬಾರಿಕೆಯೆಂದರೆ ತಿಗರಿಯ ಮುಂದಿನ ಶೃಂಗಾರವೆಂದು ಜಗತ್ತಿಗೆ ತೋರಿಸಿದರು. ಕೆಲಸದ ಪಾಲನ್ನು ಲೆಕ್ಕ ಹಾಕಿದರೆ ನಮ್ಮ ಹುಣಸೂರು ಕೃಷ್ಣಮೂರ್ತಿಯವರ ಚಿತ್ರವೇ ಸತ್ಯಕ್ಕೆ ಹತ್ತಿರ. ಒಂದು ದಿನದ ತಿಗರಿ ಕೆಲಸಕ್ಕೆ ಹಲವು ದಿನಗಳ ಮಣ್ಣಿನ ಕೆಲಸ ಬೇಕು. ಹಿಮ್ಮಡಿಯಿಂದ ಒತ್ತಿ, ಮಡಚಿ, ಮತ್ತೆ ತುಳಿದು, ಮಿದಿದು ಒಳಗಿನ ಗಾಳಿಯನ್ನೂ ಉಳಿದ ಗಂಟುಗಳನ್ನೂ ತೆಗೆಯದಿದ್ದರೆ ಮುಂದಿನ ಯಾವ ಹಂತವೂ ಸಾಗುವುದಿಲ್ಲ.

ಮಣ್ಣು ಹದವಾದ ಮೇಲೂ ನನ್ನನ್ನು ಒಪ್ಪಿಸಿದ್ದು ತಿಗರಿಗಲ್ಲ, ಮನೆಯಾಕೆಗೆ. ಆ ತಾಯಿ ಒಲೆ ಮಾಡುವುದರಲ್ಲಿ ನಿಸ್ಸೀಮರು. ಕೈಯಲ್ಲಿ ಮಣ್ಣಿನ ಉಂಡೆ ಹಿಡಿದು, ಹೆಬ್ಬೆರಳಿನಿಂದ ನಡುವೆ ಕುಳಿ ಮಾಡಿ, ಸುತ್ತ ಒತ್ತುತ್ತಾ ಬಟ್ಟಲು ಎಬ್ಬಿಸುವುದು ಮೊದಲ ಪಾಠ. ಎಲ್ಲ ಕಡೆಯೂ ಒಂದೇ ದಪ್ಪ ಇರಬೇಕು. ಕಣ್ಣು ಅದನ್ನು ತಿಳಿಯಲಾರದು. ಒಳಗಿನ ಹೆಬ್ಬೆರಳೂ ಹೊರಗಿನ ಬೆರಳುಗಳೂ ಮಾತ್ರ ತಿಳಿಯುತ್ತವೆ. ಎರಡನೆಯ ಪಾಠ ಹುರಿಯದು. ಮಣ್ಣಿನ ಹುರಿಗಳನ್ನು ಒಂದರ ಮೇಲೊಂದು ಸುರುಳಿಯಾಗಿ ಕೂರಿಸಿ, ಬೆರಳಿನಿಂದ ಒಳಗೂ ಹೊರಗೂ ಬೆಸೆಯುತ್ತಾ ಎತ್ತರಿಸುವುದು. ಹಿಂದಿನ ಕಾಲದ ಆಳೆತ್ತರದ ವಾಡೆಗಳು ಕಟ್ಟಿದ್ದು ಹೀಗೆಯೇ. ಅಷ್ಟು ದೊಡ್ಡದನ್ನು ತಿಗರಿಯ ಮೇಲೆ ಎಬ್ಬಿಸಲಾಗದು. ಇಲ್ಲಿ ಆತುರ ಸಲ್ಲದು. ಕೆಳಗಿನ ಹುರಿಗಳು ಸ್ವಲ್ಪ ಬಿಗಿಯಾಗುವವರೆಗೆ ಮೇಲಿನದನ್ನು ಹೇರಿದರೆ ಗೋಡೆ ಕುಸಿಯುತ್ತದೆ. ತೀರಾ ಒಣಗಲು ಬಿಟ್ಟರೆ ಹೊಸ ಹುರಿ ಅಂಟುವುದಿಲ್ಲ, ಅಂಟಿದಂತೆ ಕಂಡರೂ ಒಣಗುವಾಗ ಅದೇ ಗೆರೆಯಲ್ಲಿ ಬಿಟ್ಟುಕೊಳ್ಳುತ್ತದೆ. ಬೆಳಿಗ್ಗೆ ಒಂದು ಗೇಣು, ಸಂಜೆ ಒಂದು ಗೇಣು. ಮೂರನೆಯದು ಮಣ್ಣನ್ನು ರೊಟ್ಟಿಯಂತೆ ತಟ್ಟಿ ಹಾಳೆ ಮಾಡಿ ಜೋಡಿಸುವುದು. ಮೂಲೆಗಳಲ್ಲಿ ಗೀರು ಹಾಕಿ, ತೆಳುವಾಗಿ ಕಲಸಿದ ಮಣ್ಣು ಸವರಿ ಒತ್ತುವುದು.

ಈ ಮೂರರಲ್ಲಿ ಯಾವುದಕ್ಕೂ ಯಂತ್ರ ಬೇಡ, ವಿದ್ಯುತ್ ಬೇಡ. ಒಂದು ಮಣೆ, ಒಂದು ಬಟ್ಟಲು ನೀರು, ಒಂದು ತುಂಡು ಒದ್ದೆ ಬಟ್ಟೆ. ಕಲಿಯುವವನಿಗೆ ಇಲ್ಲಿ ಮಣ್ಣಿನ ಹದ, ದಪ್ಪ, ಒಣಗುವ ವೇಗ, ಬೆಸುಗೆ ಎಲ್ಲವೂ ನಿಧಾನವಾಗಿ, ತಿರುಗಿ ನೋಡಲು ಸಮಯವಿಟ್ಟು ಸಿಗುತ್ತವೆ. ತಿಗರಿಯಲ್ಲಿ ಇದೇ ಸಂಗತಿಗಳು ಅರೆ ನಿಮಿಷದಲ್ಲಿ ನಡೆದುಹೋಗುತ್ತವೆ.

ತಿಗರಿ ಬಂದದ್ದು ಎರಡನೆಯ ಬೇಸಿಗೆಯಲ್ಲಿ. ಗಾರೆಕಲ್ಲಿನಷ್ಟು ಭಾರದ ಚಕ್ರ, ನೆಲದಲ್ಲಿ ಹೂತ ಗೂಟದ ಮೇಲೆ ನಿಂತದ್ದು. ಕೋಲನ್ನು ಅಂಚಿನ ಕುಳಿಗೆ ಕೊಟ್ಟು ಬಲವಾಗಿ ತಿರುವಿ ಬಿಟ್ಟರೆ ತನ್ನ ಭಾರದಿಂದಲೇ ಕೆಲವು ನಿಮಿಷ ಓಡುತ್ತದೆ. ದೊಡ್ಡ ಮುದ್ದೆಯನ್ನು ನಡುವೆ ಬಡಿದು ಕೂರಿಸಿ, ಮೊಣಕೈಯನ್ನು ತೊಡೆಗೆ ಊರಿ, ಮುದ್ದೆ ಅಲುಗಾಡದೆ ನಿಂತಂತೆ ಕಾಣುವವರೆಗೆ ಹಿಡಿಯಬೇಕು. ಇದನ್ನು ತೋಳಿನ ಬಲದಿಂದ ಮಾಡಹೊರಟವನು ಸೋಲುತ್ತಾನೆ. ಮೈಯ ಭಾರ ಕೈಯ ಮೂಲಕ ಇಳಿಯಬೇಕು. ಮುದ್ದೆ ನಡುವಿಗೆ ಕೂತ ಮೇಲೆ ಹೆಬ್ಬೆರಳು ಒಳಗಿಳಿಯುತ್ತದೆ, ಎರಡೂ ಕೈಗಳ ನಡುವೆ ಗೋಡೆ ಏಳುತ್ತದೆ. ಆಗ ಒಳಬೆರಳಿಗೂ ಹೊರಬೆರಳಿಗೂ ಬೇಕಾದ ತಿಳಿವಳಿಕೆ ಹಿಂದಿನ ಬೇಸಿಗೆಯಲ್ಲಿ ಬಟ್ಟಲು ಒತ್ತುವಾಗ ಬಂದದ್ದೇ. ಅದಿಲ್ಲದವನ ಗೋಡೆ ಒಂದು ಕಡೆ ತೆಳುವಾಗಿ, ಬಳುಕಿ, ಮಡಚಿಕೊಳ್ಳುತ್ತದೆ. ಮೇಲಿನ ಭಾಗದಿಂದ ಒಂದು ಕುಡಿಕೆ ಎಳೆದು ದಾರದಿಂದ ಕೊಯ್ದು ಇಳಿಸುವುದು, ಅದೇ ಮುದ್ದೆಯಿಂದ ಮತ್ತೊಂದು. ಪಳಗಿದ ಕೈ ಒಂದು ಮುದ್ದೆಯಿಂದ ಸಾಲು ಹಣತೆ ಇಳಿಸುವುದನ್ನು ನೋಡಿದರೆ ಮರದಿಂದ ಹಣ್ಣು ಕಿತ್ತಂತೆ ಕಾಣುತ್ತದೆ.

ನೀರಿನ ಮಡಕೆಯಾದರೆ ಕೆಲಸ ಅಲ್ಲಿಗೆ ಮುಗಿಯದು. ತಿಗರಿಯಿಂದ ಇಳಿದದ್ದು ದಪ್ಪ ಗೋಡೆಯ, ಅರೆಬರೆ ಆಕಾರದ ಪಾತ್ರೆ. ಅದು ಅರ್ಧ ಒಣಗಿದಾಗ ಒಳಗೆ ಗುಂಡುಕಲ್ಲು ಹಿಡಿದು, ಹೊರಗಿನಿಂದ ಮರದ ಹಲಗೆಯಲ್ಲಿ ತಟ್ಟುತ್ತಾ ತಳವನ್ನು ದುಂಡಾಗಿಸಿ, ಗೋಡೆಯನ್ನು ತೆಳುಮಾಡುತ್ತಾರೆ. ಮಣ್ಣಿನ ಕಣಗಳು ಬಿಗಿಯಾಗಿ ಕೂಡುವುದು ಈ ತಟ್ಟುವಿಕೆಯಿಂದ. ಹರಿಹರ ಕವಿಯ ‘ಕುಂಬಾರ ಗುಂಡಯ್ಯನ ರಗಳೆ’ಯಲ್ಲಿ ಗುಂಡಯ್ಯ ಮಡಕೆ ಬಡಿಯುವ ತಾಳಕ್ಕೆ ಸಾಕ್ಷಾತ್ ಶಿವನೇ ಕುಣಿಯುತ್ತಾನೆ. ಅದು ಕವಿಯ ಭಕ್ತಿಯೆಂದು ತಿಳಿದಿದ್ದ ನನಗೆ, ಆ ಅಂಗಳದಲ್ಲಿ ಒಂದೇ ಲಯದಲ್ಲಿ ಬೀಳುತ್ತಿದ್ದ ಹಲಗೆಯ ಸದ್ದು ಕೇಳಿದಾಗ, ಹರಿಹರ ಕುಂಬಾರರ ಬೀದಿಯಲ್ಲಿ ನಿಂತು ಕೇಳಿದ್ದಿರಬೇಕು ಎನ್ನಿಸಿತು. ತಟ್ಟುತ್ತಿದ್ದವರು, ಹೇಳಲೇಬೇಕಾದ ಮಾತು, ಮನೆಯಾಕೆ.

ಕೊನೆಗೆ ಆವಿಗೆ. ಒಣಗಿದ ಮಡಕೆಗಳನ್ನು ಬೆರಣಿ, ತೆಂಗಿನ ಗರಿ, ಹುಲ್ಲಿನ ನಡುವೆ ಜೋಡಿಸಿ, ಮೇಲೆ ಮಣ್ಣು ಮೆತ್ತಿ ಬೆಂಕಿ ಇಡುವುದು. ಮಣ್ಣಿನ ಕಣದೊಳಗೆ ಸೇರಿಕೊಂಡ ನೀರು ಬಿಟ್ಟುಹೋಗಲು ಸುಮಾರು 500ರಿಂದ 600 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಅಲ್ಲಿಂದ ಮುಂದೆ ಅದು ಮತ್ತೆ ಕೆಸರಾಗಲಾರದು. ಆರಂಭದಲ್ಲೇ ಬೆಂಕಿ ಜೋರಾದರೆ ಉಳಿದ ತೇವ ಹಬೆಯಾಗಿ ಮಡಕೆಯನ್ನು ಸೀಳುತ್ತದೆ. ಹೊಗೆಯ ಬಣ್ಣ ನೋಡಿ ಉರಿ ಏರಿಸಬೇಕೋ ತಗ್ಗಿಸಬೇಕೋ ಎಂದು ಆ ಹಿರಿಯರು ನಿರ್ಧರಿಸುತ್ತಿದ್ದರು.

ಮೊದಲು ಕೈ, ಆಮೇಲೆ ಚಕ್ರ ಎಂಬ ಈ ಕ್ರಮ ಒಬ್ಬ ಗುರುವಿನ ಹಟವಲ್ಲ. ನಮ್ಮ ನೆಲದ ಪದರುಗಳಲ್ಲಿಯೂ ಅದು ಇದೆ. 1947ರಲ್ಲಿ ಮಾರ್ಟಿಮರ್ ವ್ಹೀಲರ್ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಉತ್ಖನನ ಮಾಡಿದಾಗ, ಕೆಳಗಿನ ನವಶಿಲಾಯುಗದ ಪದರಿನಲ್ಲಿ ಸಿಕ್ಕವು ಬಹುಪಾಲು ಕೈಯಿಂದ ಮಾಡಿದ ಮಡಕೆಗಳು. ಅದರ ಮೇಲಿನ ಬೃಹತ್ ಶಿಲಾಸಮಾಧಿಗಳ ಕಾಲದಲ್ಲಿ ನಿಧಾನವಾಗಿ ತಿರುಗುವ ಚಕ್ರದ ಗುರುತು. ಎಲ್ಲಕ್ಕಿಂತ ಮೇಲಿನ ಸಾತವಾಹನರ ಕಾಲದ ಪದರಿನಲ್ಲಿ ವೇಗದ ಚಕ್ರದ್ದು. ಮಳವಳ್ಳಿಯ ನೆರೆಯ ತಿ. ನರಸೀಪುರದಲ್ಲಿ ಕಾವೇರಿ-ಕಪಿಲಾ ಸಂಗಮದ ಬಳಿ ಮೈಸೂರು ವಿಶ್ವವಿದ್ಯಾನಿಲಯದ ಎಂ. ಶೇಷಾದ್ರಿಯವರು ನಡೆಸಿದ ಉತ್ಖನನದಲ್ಲೂ ಕೈಯಲ್ಲೇ ಮಾಡಿ, ಉಜ್ಜಿ ಹೊಳಪು ಕೊಟ್ಟ ನವಶಿಲಾಯುಗದ ಪಾತ್ರೆಗಳು ಸಿಕ್ಕಿವೆ. ಮಲಗುವಾಗ ತಲೆಗೆ ಆಸರೆಯಾಗಿ ಇಟ್ಟುಕೊಳ್ಳುತ್ತಿದ್ದ ಮಣ್ಣಿನ ದಿಂಬು ಕೂಡ. ಈ ಸೀಮೆಯ ಜನ ಚಕ್ರ ಕಾಣುವ ಮೊದಲು ಶತಮಾನಗಳ ಕಾಲ ಬೆರಳಿನಿಂದಲೇ ಮಣ್ಣನ್ನು ಅರಿತಿದ್ದರು.

ಈಗಿನ ಕಲಿಕೆ ಇದನ್ನು ತಲೆಕೆಳಗು ಮಾಡಿದೆ. ಬೆಂಗಳೂರಿನಲ್ಲಿ ವಾರಾಂತ್ಯದ ಕುಂಬಾರಿಕೆ ಶಿಬಿರಗಳಿಗೆ ಹೋದವರು ಮೊದಲ ಗಂಟೆಯಲ್ಲೇ ತಿಗರಿಯ ಮುಂದೆ ಕೂರುತ್ತಾರೆ, ಹದ ಮಾಡಿದ ಮಣ್ಣು ಪೊಟ್ಟಣದಲ್ಲಿ ಬಂದಿರುತ್ತದೆ, ಬಟ್ಟಲು ಏಳದಿದ್ದರೆ ಕಲಿಸುವವರೇ ಕೈ ಹಿಡಿದು ಎಬ್ಬಿಸಿಕೊಡುತ್ತಾರೆ, ಭಾವಚಿತ್ರ ತೆಗೆಸಿಕೊಳ್ಳುತ್ತಾರೆ. ಹಣ ಕೊಟ್ಟು ಒಂದು ಸಂಜೆ ಸಂತೋಷಪಡುವುದನ್ನು ಬೇಡವೆನ್ನಲು ನಾನಾರು? ಆದರೆ ಸರ್ಕಾರದ ಯೋಜನೆಗಳೂ ಇದೇ ಜಾಡಿನಲ್ಲಿ, ಚಕ್ರದಿಂದಲೇ ಆರಂಭಿಸುವುದು ಯೋಚಿಸಬೇಕಾದ ಮಾತು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗ 2018ರಲ್ಲಿ ಕುಂಬಾರ ಸಶಕ್ತೀಕರಣ ಕಾರ್ಯಕ್ರಮ ಆರಂಭಿಸಿ ದೇಶದಾದ್ಯಂತ ವಿದ್ಯುತ್ ತಿಗರಿಗಳನ್ನು ಹಂಚಿತು. ವಿದ್ಯುತ್ ತಿಗರಿ ಒಳ್ಳೆಯದೇ. ಕೋಲಿನಿಂದ ತಿರುವಿ ಭುಜ ಕಳೆದುಕೊಂಡವರನ್ನು ಕಂಡವರಾರೂ ಅದನ್ನು ವಿರೋಧಿಸಲಾರರು. ಹಂಚಿಕೆ ಸುಲಭ, ಎಷ್ಟು ತಿಗರಿ ಕೊಟ್ಟೆವೆಂದು ಲೆಕ್ಕ ಒಪ್ಪಿಸಬಹುದು, ಛಾಯಾಚಿತ್ರ ತೆಗೆಸಬಹುದು. ಮಣ್ಣಿನ ಹದ ಬಲ್ಲವರೆಷ್ಟು ಮಂದಿ ತಯಾರಾದರೆಂಬ ಲೆಕ್ಕಕ್ಕೆ ನಮೂನೆಯಿಲ್ಲ.

ಮಣ್ಣಿನ ವಿಚಾರದಲ್ಲಂತೂ ಒಂದು ವಿಚಿತ್ರವಿದೆ. ಕುಂಬಾರರು ತಮ್ಮ ರೂಢಿಯಂತೆ ಕೈಯಿಂದ ತೋಡುವ ಮಣ್ಣಿಗೆ ಪರಿಸರ ಅನುಮತಿ ಬೇಕಿಲ್ಲವೆಂದು ಕೇಂದ್ರ ಪರಿಸರ ಸಚಿವಾಲಯ 2016ರ ಜನವರಿ 15ರ ಅಧಿಸೂಚನೆಯಲ್ಲಿ ಸ್ಪಷ್ಟವಾಗಿ ವಿನಾಯಿತಿ ನೀಡಿದೆ. ಕಾಗದದ ಮೇಲೆ ದಾರಿ ಸುಗಮ. ಆದರೆ ವಿನಾಯಿತಿ ಇದ್ದರೆ ಸಾಲದು, ಕೆರೆಯಲ್ಲಿ ಒಳ್ಳೆಯ ಗೋಡು ಇರಬೇಕು, ಅದು ಸಿಗುವ ಮೂಲೆ ಯಾವುದೆಂದು ಬಲ್ಲವರಿರಬೇಕು. ನನ್ನ ಗುರುಗಳು ಕೆರೆಯ ಅಂಗಳದಲ್ಲಿ ನಡೆಯುತ್ತಾ ಹಿಡಿ ಮಣ್ಣನ್ನು ಮುರಿದು ನೋಡಿ, ಇದು ಇಟ್ಟಿಗೆಗೆ, ಇದು ಮಡಕೆಗೆ ಎಂದು ವಿಂಗಡಿಸುತ್ತಿದ್ದರು. ಆ ಕಲಿಕೆಗೆ 15,000 ರೂಪಾಯಿಯ ಉಪಕರಣ ಪೆಟ್ಟಿಗೆಯಲ್ಲಿ ಜಾಗವಿಲ್ಲ.

ಹೆಂಗಸರ ಮಾತಿಗೆ ಬರೋಣ. ಭಾರತದ ಬಹುಪಾಲು ಕುಂಬಾರ ಸಮುದಾಯಗಳಲ್ಲಿ ಹೆಂಗಸರು ತಿಗರಿ ಮುಟ್ಟಬಾರದೆಂಬ ರೂಢಿ ಇತ್ತು. ಮಣ್ಣು ಹೊರುವುದು, ಜರಡಿ ಹಿಡಿಯುವುದು, ಒಲೆ ಕಟ್ಟುವುದು, ಮಡಕೆ ತಟ್ಟುವುದು, ಬಣ್ಣ ಬಳಿಯುವುದು, ಸಂತೆಯಲ್ಲಿ ಕೂತು ಮಾರುವುದು ಅವರ ಪಾಲು. ಆದರೂ ‘ಕುಂಬಾರ’ ಎಂದರೆ ತಿಗರಿ ತಿರುಗಿಸುವ ಗಂಡಸು. ನನಗೆ ಅರ್ಧಕ್ಕಿಂತ ಹೆಚ್ಚು ಪಾಠ ಹೇಳಿದ ಆ ತಾಯಿ ಐವತ್ತು ವರ್ಷ ಆ ಮನೆಯಲ್ಲಿ ಬಾಳಿಯೂ ಒಮ್ಮೆಯೂ ತಿಗರಿಯ ಮುಂದೆ ಕೂತವರಲ್ಲ. ಏಕೆಂದು ಕೇಳಿದರೆ, “ಅದ್ಯಾರು ಕೂರುಸ್ತಾರೆ” ಎಂದು ಮಾತು ತೇಲಿಸಿದರು. ಇದು ಪ್ರಕೃತಿಯ ನಿಯಮವಲ್ಲ. ನೆರೆಯ ನೀಲಗಿರಿಯ ಕೋತರಲ್ಲಿ ಮಡಕೆ ಮಾಡುವವರು ಹೆಂಗಸರು. ಮಣಿಪುರದ ಆಂಡ್ರೊ ಗ್ರಾಮದ ಹೆಂಗಸರು ಚಕ್ರವಿಲ್ಲದೆಯೇ ಮಡಕೆ ಎಬ್ಬಿಸುತ್ತಾರೆ. ಆಫ್ರಿಕಾದ ಬೋಟ್ಸ್‌ವಾನಾದಲ್ಲಿ ಅಜ್ಜಿಯಿಂದ ಮೊಮ್ಮಗಳಿಗೆ ಬರುವ ಕೈ ಕುಂಬಾರಿಕೆಯನ್ನು ಯುನೆಸ್ಕೊ 2012ರಲ್ಲಿ ತುರ್ತಾಗಿ ರಕ್ಷಿಸಬೇಕಾದ ಪರಂಪರೆಗಳ ಪಟ್ಟಿಗೆ ಸೇರಿಸಿತು. ನಮ್ಮಲ್ಲಿ ಏನಾಗಿದೆ? ವಿಶ್ವಕರ್ಮ ಯೋಜನೆಯ ಲಾಭ ಕುಟುಂಬಕ್ಕೆ ಒಬ್ಬರಿಗೆ ಮಾತ್ರ. ಗಂಡ, ಹೆಂಡತಿ, ಮದುವೆಯಾಗದ ಮಕ್ಕಳು ಸೇರಿ ಒಂದು ಕುಟುಂಬ. ಗಂಡ ನೋಂದಾಯಿಸಿಕೊಂಡರೆ ಹೆಂಡತಿಯ ಕೈಕಸುಬು ದಾಖಲೆಯಲ್ಲಿ ಇಲ್ಲವೇ ಇಲ್ಲ. ಮಡಕೆಯ ಅರ್ಧ ಭಾಗವನ್ನು ಮಾಡಿದವರು ಎಣಿಕೆಗೆ ಬರದ ಇಂಥ ಲೆಕ್ಕವನ್ನು ಮಾರ್ಗಸೂಚಿ ಬರೆದವರು ಮರುಪರಿಶೀಲಿಸಬೇಕು.

ಇನ್ನು ಜಾತಿಯ ಪ್ರಶ್ನೆ. ಕುಂಬಾರಿಕೆ ಉಳಿಯಬೇಕೆಂದು ಭಾಷಣ ಮಾಡುವವರ ಮಕ್ಕಳು ಯಾರೂ ಮಣ್ಣು ತುಳಿಯುವುದಿಲ್ಲ. ಉಳಿಸುವ ಹೊಣೆ ಕುಂಬಾರರ ಮಕ್ಕಳ ಮೇಲೆಯೇ ಏಕೆ ಬೀಳಬೇಕು ಎಂದು ಆ ಸಮುದಾಯದ ವಿದ್ಯಾವಂತರು ಕೇಳಿದರೆ ಉತ್ತರವಿಲ್ಲ. ಈ ಪ್ರಶ್ನೆ ಹಿಂದೆಯೂ ನಮ್ಮ ಹೊಸ್ತಿಲಿಗೆ ಬಂದಿತ್ತು. 1953ರಲ್ಲಿ ಮದ್ರಾಸ್ ರಾಜ್ಯದ ಮುಖ್ಯಮಂತ್ರಿ ರಾಜಾಜಿಯವರು ಹಳ್ಳಿಯ ಪ್ರಾಥಮಿಕ ಶಾಲೆಗಳಲ್ಲಿ ಅರ್ಧ ದಿನ ಪಾಠ, ಉಳಿದರ್ಧ ದಿನ ಮನೆಯ ಕಸುಬು ಎಂಬ ಯೋಜನೆ ತಂದರು. ಶಿವನಸಮುದ್ರದ ಬಳಿ ಕಾವೇರಿ ದಾಟಿದರೆ ಸಿಗುವ ಕೊಳ್ಳೇಗಾಲ 1956ರವರೆಗೂ ಕೊಯಮತ್ತೂರು ಜಿಲ್ಲೆಯಲ್ಲಿದ್ದುದರಿಂದ ಆ ಯೋಜನೆ ಮಳವಳ್ಳಿಯ ಆಚೆ ದಡದವರೆಗೆ ಬಂದಿತ್ತೆಂದೇ ಹೇಳಬೇಕು. ಕುಲಕಸುಬಿಗೆ ಮಕ್ಕಳನ್ನು ಕಟ್ಟಿಹಾಕುವ ಸಂಚು ಇದೆಂದು ದ್ರಾವಿಡ ಚಳವಳಿ ಸಿಡಿದೆದ್ದಿತು, ಸ್ವಪಕ್ಷೀಯರೂ ಒಪ್ಪಲಿಲ್ಲ. 1954ರಲ್ಲಿ ರಾಜಾಜಿ ಅಧಿಕಾರ ಬಿಟ್ಟರು, ಕಾಮರಾಜರ ಸರ್ಕಾರ ಯೋಜನೆಯನ್ನು ಕೈಬಿಟ್ಟಿತು. ಎಪ್ಪತ್ತು ವರ್ಷದ ಬಳಿಕ, 2024ರ ನವೆಂಬರಿನಲ್ಲಿ, ತಮಿಳುನಾಡು ಸರ್ಕಾರ ವಿಶ್ವಕರ್ಮ ಯೋಜನೆಯನ್ನೂ ಇದೇ ಕಾರಣಕ್ಕೆ ಈಗಿನ ರೂಪದಲ್ಲಿ ಒಪ್ಪಲಾಗದೆಂದಿತು. ಕುಟುಂಬದ ಕಸುಬಾಗಿರಬೇಕೆಂಬ ಷರತ್ತನ್ನು ತೆಗೆಯಬೇಕೆಂದು ಕೇಳಿತು. 2025ರಲ್ಲಿ ಜಾತಿಯ ಹಂಗಿಲ್ಲದ ತನ್ನದೇ ಕೈಕಸುಬು ಯೋಜನೆಯನ್ನು ಆರಂಭಿಸಿತು. ರಾಜಕೀಯವೇನೇ ಇರಲಿ, ಆ ಆಕ್ಷೇಪದಲ್ಲಿ ಹುರುಳಿದೆ.

ಮಂಟೇಸ್ವಾಮಿಯ ನೀಲಗಾರರು ನಮ್ಮ ಬೊಪ್ಪೇಗೌಡನಪುರದ ಸುತ್ತಮುತ್ತ ಇಂದಿಗೂ ಹಾಡುವ ಕಥೆಯಲ್ಲಿ ಸಿದ್ದಪ್ಪಾಜಿ ಹಲಗೂರಿನ ಪಾಂಚಾಳರ ಬಳಿಗೆ ಕಬ್ಬಿಣದ ಭಿಕ್ಷೆಗೆ ಹೋಗುತ್ತಾನೆ. ಅವರು ಕೊಡುವುದಿಲ್ಲ, ಬಗೆಬಗೆಯ ಪರೀಕ್ಷೆಗಳಿಗೆ ಒಡ್ಡುತ್ತಾರೆ. ವಿದ್ವಾಂಸರು ಈ ಕಥೆಗೆ ಹಲವು ಅರ್ಥ ಹೇಳುತ್ತಾರೆ. ಕಸುಬಿನ ಗುಟ್ಟನ್ನು ಕುಲದ ಆಚೆಗೆ ಬಿಟ್ಟುಕೊಡದವರ ಕಥೆಯೂ ಅದು ಎಂಬುದು ನನ್ನ ಓದು. ಈಗ ಪರಿಸ್ಥಿತಿ ತಿರುಗಿದೆ. ಬಲ್ಲವರು ಕೊಡಲು ಸಿದ್ಧರಿದ್ದಾರೆ, ಜೋಳಿಗೆ ಹಿಡಿದು ಬರುವವರಿಲ್ಲ. ಮೇಲ್ಜಾತಿಯ ನಿವೃತ್ತ ಮೇಷ್ಟ್ರು ಮಣ್ಣು ತುಳಿಯಲು ಬಂದದ್ದನ್ನು ನೋಡಲು ಮೊದಮೊದಲು ಅಂಗಳದ ಸುತ್ತ ಜನ ಸೇರುತ್ತಿದ್ದರು. ಒಂದು ವಾರದಲ್ಲಿ ಅವರಿಗೆ ಬೇಸರವಾಯಿತು. ಕಲಿಕೆಗೂ ಜನ್ಮಕ್ಕೂ ಇದ್ದ ಗಂಟು ಬಿಚ್ಚಲು ಅಷ್ಟೇನೂ ಹೊತ್ತು ಬೇಕಾಗದು.

ಹಾಗಾದರೆ ಎಲ್ಲಿ ಬಿಚ್ಚಬೇಕು? ಶಾಲೆಯಲ್ಲಿ, ಎಲ್ಲ ಜಾತಿಯ ಹುಡುಗ ಹುಡುಗಿಯರೂ ಒಟ್ಟಿಗೆ ಕೂರುವ ಜಾಗದಲ್ಲಿ. 1937ರ ವಾರ್ಧಾ ಸಮ್ಮೇಳನದಲ್ಲಿ ಗಾಂಧೀಜಿ ಕೈಕಸುಬನ್ನು ಶಿಕ್ಷಣದ ನಡುವಿಗೆ ತರಬೇಕೆಂದರು. ಅದು ಕಾಲಕ್ರಮದಲ್ಲಿ ತಕಲಿ ತಿರುಗಿಸುವ ಪೀರಿಯಡ್ಡಾಗಿ ಕೊನೆಯಾಯಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ 6ರಿಂದ 8ನೇ ತರಗತಿಯ ಮಕ್ಕಳು ಹತ್ತು ದಿನ ಪುಸ್ತಕದ ಚೀಲವಿಲ್ಲದೆ ಬಡಗಿ, ತೋಟಗಾರ, ಕುಂಬಾರ, ಕಲಾವಿದರಂಥ ಸ್ಥಳೀಯ ಕುಶಲಿಗಳ ಬಳಿ ಕಲಿಯಬೇಕೆಂಬ ಮಾತಿದೆ. ಕುಂಬಾರರ ಹೆಸರೇ ಅಲ್ಲಿದೆ. ಕರ್ನಾಟಕ ಆ ನೀತಿಯನ್ನು ಕೈಬಿಟ್ಟು ಸುಖದೇವ್ ಥೋರಟ್ ಅವರ ನೇತೃತ್ವದಲ್ಲಿ ತನ್ನದೇ ಶಿಕ್ಷಣ ನೀತಿಗೆ ಆಯೋಗ ರಚಿಸಿದ್ದು ಎಲ್ಲರಿಗೂ ತಿಳಿದದ್ದೇ. ಯಾವ ನೀತಿ ಗೆದ್ದರೂ ಈ ಒಂದು ಸಾಲನ್ನು ಉಳಿಸಿಕೊಳ್ಳುವುದರಿಂದ ಯಾರ ಸಿದ್ಧಾಂತಕ್ಕೂ ಧಕ್ಕೆಯಿಲ್ಲ.

ಆ ಹತ್ತು ದಿನಗಳಲ್ಲಿ ತಿಗರಿ ಬೇಡ. ಮಣ್ಣು ಕುಟ್ಟಿ ನೆನೆಸಲು ಮೂರು ದಿನ, ಬಟ್ಟಲು ಒತ್ತಲು ಎರಡು ದಿನ, ಹುರಿ ಕಟ್ಟಲು ಮೂರು ದಿನ, ತಟ್ಟಲು ಒಂದು ದಿನ. ಕೊನೆಗೆ ಎಲ್ಲರ ಪಾತ್ರೆಗೂ ಒಂದೇ ಆವಿಗೆ, ಒಣಗಿದ ಮೇಲೆ. ಹೂಜಿಯ ನೀರು ತಣ್ಣಗಾಗುವುದು ಗೋಡೆಯಿಂದ ಜಿನುಗಿದ ನೀರು ಆವಿಯಾಗುವಾಗ ಶಾಖ ಹೀರುವುದರಿಂದ ಎಂಬ ವಿಜ್ಞಾನದ ಪಾಠ ತಾನು ಮಾಡಿದ ಪಾತ್ರೆಯನ್ನು ಮುಟ್ಟಿ ನೋಡಿದ ಮಗುವಿಗೆ ಬೇರೆಯೇ ಆಗಿ ತಲುಪುತ್ತದೆ. ಅವರಲ್ಲಿ ನೂರಕ್ಕೆ ತೊಂಬತ್ತೆಂಟು ಮಂದಿ ಮತ್ತೆಂದೂ ಮಣ್ಣು ಮುಟ್ಟದಿರಬಹುದು, ಅದು ಸರಿಯೇ. ಮುಟ್ಟಬೇಕೆನ್ನುವ ಇಬ್ಬರಿಗೆ, ಯಾವ ಜಾತಿಯವರೇ ಆಗಲಿ, ತಿಗರಿಯ ಮೇಲೆ ಒಂದೆರಡು ವರ್ಷ ಕೂರಲು ಹತ್ತಿರದಲ್ಲೊಂದು ಜಾಗ ಬೇಕು. ಖಾದಿ ಆಯೋಗದ ಕೇಂದ್ರೀಯ ಗ್ರಾಮ ಕುಂಬಾರಿಕೆ ಸಂಸ್ಥೆ ಇರುವುದು ಬೆಳಗಾವಿ ಜಿಲ್ಲೆಯ ಖಾನಾಪುರದಲ್ಲಿ, ಮಳವಳ್ಳಿಯಿಂದ ಸುಮಾರು 500 ಕಿಲೋಮೀಟರ್ ಆಚೆ. ಅಲ್ಲಿನ ಮಣ್ಣು ಬೇರೆ, ಇಲ್ಲಿನ ಮಣ್ಣು ಬೇರೆ. ವಿದ್ಯುತ್ ತಿಗರಿಗಳನ್ನು ಮನೆಮನೆಗೆ ಹಂಚುವ ಬದಲು ನಾಲ್ಕನ್ನು ತಾಲ್ಲೂಕು ಕೇಂದ್ರದಲ್ಲಿ ಒಂದು ಸೂರಿನಡಿ ಇಟ್ಟರೆ, ಆ ಊರಿನ ಹುಡುಗಿಯರೂ ಅದರ ಮುಂದೆ ಕೂರಬಹುದು. ಮನೆಯ ತಿಗರಿಗೆ ಅಂಟಿದ ಕಟ್ಟಳೆ ಸರ್ಕಾರದ ತಿಗರಿಗೆ ಅಂಟದು.

ಕಲಿಸುವವರು ಯಾರೆಂದರೆ ಪದವಿ, ಪ್ರಮಾಣಪತ್ರ ಕೇಳಬಾರದು. ಗಂಡ ಹೆಂಡತಿ ಇಬ್ಬರನ್ನೂ ಗುರುಗಳೆಂದು ಬೇರೆ ಬೇರೆ ನೋಂದಾಯಿಸಿ, ಬೇರೆ ಬೇರೆ ಸಂಭಾವನೆ ಕೊಡಬೇಕು. ಕಲಿಯುವವನಿಗೆ ದಿನಕ್ಕೆ 500 ರೂಪಾಯಿ ಭತ್ಯೆ ಕೊಡಲು ಒಪ್ಪಿದ ಸರ್ಕಾರಕ್ಕೆ ಕಲಿಸುವವರಿಗೆ ಅದಕ್ಕಿಂತ ಕಡಿಮೆ ಕೊಡಲು ಮನಸ್ಸು ಬರಲಾರದು. ಉಳಿದ ಖರ್ಚು ಒಂದು ಟ್ರ್ಯಾಕ್ಟರ್ ಗೋಡು, ಒಂದು ಜರಡಿ, ಕೆಲವು ಗೋಣಿಚೀಲ, ಎರಡು ಗಾಡಿ ತೆಂಗಿನ ಗರಿ. ಊರ ಕೆರೆಯ ಹೂಳೆತ್ತಿಸುವಾಗ ಶಾಲೆಯ ಹಿತ್ತಿಲಿಗೆ ಒಂದು ಲೋಡು ಮಣ್ಣು ಹಾಕಿಸಲು ಗ್ರಾಮ ಪಂಚಾಯಿತಿಗೆ ಯಾರ ಆದೇಶವೂ ಬೇಕಿಲ್ಲ. ಆದರೆ ಯಾವ ಮೂಲೆಯ ಮಣ್ಣು ಎಂಬುದನ್ನು ಆ ಹಿರಿಯರನ್ನು ಕರೆದುಕೊಂಡು ಹೋಗಿ ಕೇಳಬೇಕು. ಅವರಿಗೆ ಈಗ ಎಂಬತ್ತರ ಹತ್ತಿರ, ಕೆರೆಯ ಏರಿ ಹತ್ತಲು ಕೋಲು ಬೇಕಾಗಿದೆ.